ಉಂಗುರದ ಬೆರಳಿನ ಕೆಂಪು ಗೆರೆ

“ತಾತ, ನನಗೆ ಈ ಯುಕುಲೆಲೆ ಬೇಡ. ಬೆರಳು ನೋಯುತ್ತೆ.”

ಆರನೇ ತರಗತಿ ಮುಗಿಸಿದ ನಮ್ಮ ಪುಟ್ಟಿ ಹೀಗೆಂದದ್ದು ಬೇಸಿಗೆ ರಜೆ ಶುರುವಾದ ಎರಡನೇ ದಿನ. ನಾನು ಪೇಪರ್ ಓದುತ್ತಾ ಕೂತಿದ್ದೆ. ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, ತಾತಂದಿರೆಲ್ಲ ಹೇಳುವುದನ್ನೇ ನಾನೂ ಹೇಳಿದೆ. “ನೋಯದೆ ವಿದ್ಯೆ ಬರುತ್ತಾ? ನಾಲ್ಕು ದಿನ ಬಿಡದೆ ನುಡಿಸು, ಬೆರಳು ತಾನೇ ಗಟ್ಟಿಯಾಗುತ್ತೆ. ಶಿವಮೊಗ್ಗದ ಅಜ್ಜಿಯೂ ಹೀಗೇ, ವೀಣೆ ಕಲಿಯೋಕೆ ಶುರು ಮಾಡಿ ಬೆರಳು ನೋವು ಅಂತ ಅರ್ಧಕ್ಕೇ ಬಿಟ್ಟಳು. ನೀನೂ ಹಾಗೇ ಮಾಡ್ತೀಯಾ?”

ಪುಟ್ಟಿ ಮಾತಾಡಲಿಲ್ಲ. ವಾದ್ಯವನ್ನು ಸೋಫಾದ ಮೇಲೆ ಬೋರಲು ಹಾಕಿ ಮಹಡಿ ಹತ್ತಿ ಹೋದಳು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನಾಕೆ, “ಮಗು ಕೈ ತೋರಿಸೋಕೆ ಬಂದಿತ್ತು. ನೀವು ನೋಡಲೇ ಇಲ್ಲ” ಎಂದಳು.

ಅಷ್ಟು ಸಾಕಿತ್ತು. ಪೇಪರಿನಲ್ಲಿ ಆಮೇಲೆ ಏನು ಓದಿದೆನೋ ನೆನಪಿಲ್ಲ.

ಸಂಜೆ ಪುಟ್ಟಿಯನ್ನು ಕರೆದು ಎಡಗೈ ನೋಡಿದೆ. ತೋರುಬೆರಳು ಸರಿಯಾಗಿತ್ತು. ನಡುಬೆರಳೂ ಸರಿಯಾಗಿತ್ತು. ಉಂಗುರದ ಬೆರಳಿನ ತುದಿಯಲ್ಲಿ ಮಾತ್ರ ಬ್ಲೇಡಿನಲ್ಲಿ ಗೀಚಿದಂಥ ಒಂದು ಕೆಂಪು ಗೆರೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ತಾಳೆ ನೋಡಿದವನು ನಾನು. ಮಗುವಿನ ಬೆರಳು ಮೃದು ಎನ್ನುವುದೇ ಕಾರಣವಾಗಿದ್ದರೆ ಮೂರೂ ಬೆರಳು ನೋಯಬೇಕಿತ್ತಲ್ಲ? ಒಂದೇ ಬೆರಳು ನೋಯುತ್ತಿದೆ ಎಂದರೆ ತಪ್ಪು ಇನ್ನೆಲ್ಲೋ ಇದೆ.

“ಯಾವಾಗ ನೋಯುತ್ತೆ ಪುಟ್ಟಿ?”

“ಸಿ ಕಾರ್ಡ್ ಹಿಡಿದಾಗ. ಅದಕ್ಕೇ ಅದು ಬಂದ ಕಡೆಯಲ್ಲೆಲ್ಲ ಬಿಟ್ಟುಬಿಡ್ತೀನಿ. ಹಾಡು ಹಾಡೇ ಅನ್ನಿಸಲ್ಲ.”

ಹಿಂದೆ ಏನಾಗಿತ್ತೆಂದು ಹೇಳುವ ಮೊದಲು, ಈ ವಾದ್ಯವನ್ನು ನೋಡದ ಅಜ್ಜ ಅಜ್ಜಿಯರಿಗಾಗಿ ಎರಡು ಮಾತು. ಯುಕುಲೆಲೆ ಎಂದರೆ ಗಿಟಾರಿನ ಕೂಸಿನಂತೆ ಕಾಣುವ ನಾಲ್ಕು ತಂತಿಯ ವಾದ್ಯ. ನಮ್ಮ ಪುಟ್ಟಿಯದು ಸೊಪ್ರಾನೋ ಎಂಬ ಅತಿ ಚಿಕ್ಕ ಅಳತೆಯದು. ಅದರಲ್ಲಿ ನಾದ ಕೊಡುವ ತಂತಿಯ ಉದ್ದ ಸುಮಾರು 35 ಸೆಂಟಿಮೀಟರ್, ಶಾಲೆಯ ಸ್ಕೇಲಿಗಿಂತ ತುಸು ಹೆಚ್ಚು. ಇದರ ತವರು ಹವಾಯಿ ದ್ವೀಪ. ಆದರೆ ಹುಟ್ಟಿನ ಕಥೆ ಪೋರ್ಚುಗೀಸರ ಮಡೈರಾ ದ್ವೀಪದಿಂದ ಶುರುವಾಗುತ್ತದೆ. 1879ರ ಆಗಸ್ಟ್ ತಿಂಗಳಲ್ಲಿ ‘ರಾವೆನ್ಸ್‌ಕ್ರ್ಯಾಗ್’ ಎಂಬ ಹಡಗು ಅಲ್ಲಿಂದ ನಾನೂರಕ್ಕೂ ಹೆಚ್ಚು ಜನರನ್ನು ಹೊತ್ತು ಹೊನೊಲುಲು ಬಂದರಿಗೆ ಬಂತು. ಕಬ್ಬಿನ ತೋಟಗಳಲ್ಲಿ ದುಡಿಯಲು ಬಂದವರು ಅವರು. ತಮ್ಮ ಊರಿನ ಪುಟ್ಟ ತಂತಿವಾದ್ಯವೂ ಅವರ ಜೊತೆಗೇ ಬಂತು. ಆ ಹಡಗಿನಲ್ಲಿದ್ದ ಮರಗೆಲಸದವರಾದ ಮ್ಯಾನುಯೆಲ್ ನುನೆಸ್, ಆಗಸ್ಟೋ ಡಯಾಸ್, ಜೋಸೆ ಡೊ ಎಸ್ಪಿರಿಟೊ ಸಾಂಟೊ ಎಂಬ ಮೂವರು ಮುಂದೆ ಹೊನೊಲುಲುವಿನಲ್ಲಿ ವಾದ್ಯ ಮಾಡುವ ಕೆಲಸಕ್ಕೆ ಕೂತರು. ಹವಾಯಿಯ ದೊರೆ ಕಲಾಕೌವಾ ಈ ವಾದ್ಯವನ್ನು ಮೆಚ್ಚಿ ಅರಮನೆಗೆ ಕರೆಸಿಕೊಂಡ. ಅಲ್ಲಿನ ಭಾಷೆಯಲ್ಲಿ ‘ಉಕು’ ಎಂದರೆ ಚಿಗಟ, ‘ಲೆಲೆ’ ಎಂದರೆ ಹಾರುವುದು. ನುಡಿಸುವವರ ಬೆರಳು ಚಿಗಟದ ಹಾಗೆ ಹಾರುವುದರಿಂದ ಈ ಹೆಸರು ಎಂಬ ಮಾತೂ ಇದೆ. ಇದನ್ನು ಕೇಳಿ ಪುಟ್ಟಿ ಎರಡು ದಿನ ನಕ್ಕಿದ್ದಳು.

ಇದರ ನಾಲ್ಕು ತಂತಿಗಳನ್ನು ಇಂಗ್ಲಿಷ್ ಪದ್ಧತಿಯಲ್ಲಿ ಜಿ, ಸಿ, ಇ, ಎ ಎನ್ನುತ್ತಾರೆ. ಹಾರ್ಮೋನಿಯಂನ ಬಿಳಿ ಒಂದನ್ನು ಷಡ್ಜ ಎಂದಿಟ್ಟುಕೊಂಡರೆ ನಮ್ಮ ಲೆಕ್ಕದಲ್ಲಿ ಅದು ಪ, ಸ, ಗ, ಧ. ಇಲ್ಲೊಂದು ವಿಚಿತ್ರವಿದೆ. ಮುಖಕ್ಕೆ ಹತ್ತಿರದ ಮೊದಲ ತಂತಿ ಮಂದ್ರವಾಗಿರಬೇಕು ಎಂದು ನಾವು ಎಣಿಸುತ್ತೇವೆ. ಇದರಲ್ಲಿ ಅದು ಪಂಚಮ. ಅದೂ ಪಕ್ಕದ ಷಡ್ಜಕ್ಕಿಂತ ಮೇಲಿನದು. ಯುಕುಲೆಲೆಯ ಆ ಕಿಲಕಿಲ ನಗುವಿನಂಥ ಸದ್ದಿಗೆ ಅದೇ ಒಂದು ಕಾರಣ.

ಇನ್ನು ಪುಟ್ಟಿ ಹೇಳಿದ ಸಿ ಕಾರ್ಡ್. ಕಾರ್ಡ್ ಎಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದು. ಕಲಿಯುವವರಿಗೆ ಮೊದಲು ಹೇಳಿಕೊಡುವುದೇ ಇದನ್ನು, ಯಾಕೆಂದರೆ ಒಂದೇ ಬೆರಳು ಸಾಕು. ಕೊನೆಯ ಧ ತಂತಿಯನ್ನು ಮೂರನೇ ಮನೆಯಲ್ಲಿ ಉಂಗುರದ ಬೆರಳಿನಿಂದ ಒತ್ತಿದರೆ ಅದು ಮೇಲಿನ ಷಡ್ಜವಾಗುತ್ತದೆ. ಪ, ಸ, ಗ, ಮೇಲಿನ ಸ. ಕಿವಿಗೆ ಹಿತವಾದ ಕೂಟ.

ಅಂದರೆ ಪುಟ್ಟಿಯ ಬೆರಳನ್ನು ಕುಯ್ಯುತ್ತಿದ್ದದ್ದು ಆ ಒಂದು ಧ ತಂತಿ. ನಾನು ನಾಲ್ಕೂ ತಂತಿಗಳನ್ನು ಸವರಿ ನೋಡಿದೆ. ಮೂರು ಕಪ್ಪಗೆ, ದಪ್ಪಗೆ, ನುಣ್ಣಗೆ ಇದ್ದವು. ನಾಲ್ಕನೆಯದು ತೆಳ್ಳಗೆ, ತಣ್ಣಗೆ, ಹೊಳೆಯುತ್ತಿತ್ತು.

ಆಗ ನೆನಪಾಯಿತು. ಅದನ್ನು ಹಾಕಿದವನು ನಾನೇ!

ಹಿಂದಿನ ದೀಪಾವಳಿಯ ಹೊತ್ತಿಗೆ ಆ ತಂತಿ ತುಂಡಾಗಿತ್ತು. ವಾದ್ಯ ಅವಳ ದೊಡ್ಡಪ್ಪನ ಮಗನದು. ಅವನು ಕಾಲೇಜು ಸೇರುವಾಗ ಇವಳಿಗೆ ಕೊಟ್ಟುಹೋಗಿದ್ದ. ನಾನು ಉತ್ಸಾಹದಿಂದ ಅಂಗಡಿಗೆ ಹೋದೆ. ಜೊತೆಗೆ ವಾದ್ಯವನ್ನು ಒಯ್ಯಲಿಲ್ಲ. ಯಾವುದಕ್ಕೆ ತಂತಿ ಎಂದು ಕೇಳಿದಾಗ “ಚಿಕ್ಕ ಗಿಟಾರ್” ಎಂದೆ. ಕೊಟ್ಟದ್ದು ಗಿಟಾರಿನ ಅತಿ ತೆಳುವಾದ ಉಕ್ಕಿನ ತಂತಿ. ಅದರ ತುದಿಯ ಹಿತ್ತಾಳೆ ಗುಂಡು ಯುಕುಲೆಲೆಯ ಕುದುರೆಯ ಹಿಂದಿನ ಸೀಳಿನಲ್ಲಿ ಸಲೀಸಾಗಿ ಕೂತಿತು. “ನೋಡಿದೆಯಾ, ಇಪ್ಪತ್ತು ನಿಮಿಷದಲ್ಲಿ ರಿಪೇರಿ!” ಎಂದು ಮನೆಯವರೆದುರು ಬೀಗಿದ್ದೆ. ಪುಟ್ಟಿಗೆ ಪಾಠ ಫೋನಿನ ಮೂಲಕ. ಮೇಷ್ಟ್ರಿಗೆ ಅಷ್ಟು ದೂರದಿಂದ ತಂತಿ ಕಾಣುವುದು ಹೇಗೆ?

ಬ್ಯಾಂಕಿನಲ್ಲಿ ದಿನದ ಲೆಕ್ಕ ಹೊಂದದಿದ್ದರೆ ನಾವೆಲ್ಲ ಮೊದಲು ಪಕ್ಕದವನ ಲೆಡ್ಜರ್ ತೆಗೆಯುತ್ತಿದ್ದೆವು. ರಾತ್ರಿ ಎಂಟರ ತನಕ ಹುಡುಕಿ ಸುಸ್ತಾದ ಮೇಲೆ ತಪ್ಪು ಸಿಗುತ್ತಿದ್ದದ್ದು ಎಷ್ಟೋ ಸಲ ನಮ್ಮದೇ ಕೈಬರಹದಲ್ಲಿ. ಇದೂ ಹಾಗೇ ಆಯಿತು.

ಮರುದಿನ ಪುಟ್ಟಿಯನ್ನೂ ವಾದ್ಯವನ್ನೂ ಕರೆದುಕೊಂಡು ಬೇರೊಂದು ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗ ನೋಡಿದ ಕೂಡಲೇ ನಕ್ಕ. “ಯುಕುಲೆಲೆಗೆ ಸ್ಟೀಲ್ ತಂತಿ ಹಾಕಬಾರದು ಅಂಕಲ್. ನಾಲ್ಕೂ ಸ್ಟೀಲ್ ಹಾಕಿ ಬಿಗಿ ಮಾಡಿದರೆ ಕೆಲವು ಸಲ ಕುದುರೆಯೇ ಕಿತ್ತು ಬರುತ್ತೆ. ಇದು ನೈಲಾನಿಗೆಂದು ಮಾಡಿದ ಹಗುರ ಮರ” ಎಂದ. ಅಲ್ಲಿ ಅವನು ತೋರಿಸಿದ್ದು, ಆಮೇಲೆ ನಾವು ಮನೆಯಲ್ಲಿ ಮಾಡಿ ನೋಡಿದ್ದು, ಎಲ್ಲ ಸೇರಿಸಿ ಬರೆಯುತ್ತೇನೆ.

ಆ ಉಕ್ಕಿನ ತಂತಿಯ ದಪ್ಪ ಒಂದು ಮಿಲಿಮೀಟರಿನ ಕಾಲು ಭಾಗ. ಅದರ ಜಾಗದಲ್ಲಿ ಇರಬೇಕಾದ ನೈಲಾನ್ ತಂತಿ ಅದರ ಎರಡರಷ್ಟಕ್ಕೂ ಹೆಚ್ಚು ದಪ್ಪ. ಎರಡನ್ನೂ ಒಂದೇ ಬಲದಿಂದ ಒತ್ತಿದರೂ ತೆಳುವಾದದ್ದು ಬೆರಳಿಗೆ ಇಳಿಯುತ್ತದೆ. ಭಾರದ ಚೀಲವನ್ನು ಅಗಲ ಪಟ್ಟಿಯಲ್ಲಿ ಹಿಡಿಯುವುದಕ್ಕೂ ಸಣ್ಣ ದಾರದಲ್ಲಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇದು. ಇನ್ನೊಂದು ಸಂಗತಿಯಿದೆ. ಉಕ್ಕು ಹಿಗ್ಗುವುದು ಬಹಳ ಕಡಿಮೆ. ಬೆರಳು ಒತ್ತಿದಾಗ ತಂತಿ ಸ್ವಲ್ಪ ಎಳೆದಂತಾಗುತ್ತದಲ್ಲ, ಅಷ್ಟಕ್ಕೇ ಉಕ್ಕಿನ ಬಿಗಿ ಏರಿ ಸ್ವರವೂ ಏರುತ್ತದೆ. ನೈಲಾನ್ ಹಿಗ್ಗಿ ಹೊಂದಿಕೊಳ್ಳುತ್ತದೆ. ಹೀಗಾಗಿ ಪುಟ್ಟಿ ನಾಲ್ಕೂ ತಂತಿಗಳ ಶ್ರುತಿ ಸರಿಯಾಗಿ ಸೇರಿಸಿದರೂ ಸಿ ಕಾರ್ಡ್ ಹಿಡಿದಾಗ ಮೇಲಿನ ಷಡ್ಜ ಒಂದೇ ಎಳೆ ಮೇಲೆ ನಿಂತು, ಗುಂಪಿನಲ್ಲಿ ಒಬ್ಬರು ಕಿರುಚಿದಂತೆ ಕೇಳುತ್ತಿತ್ತು. “ನಿನಗೆ ಶ್ರುತಿಜ್ಞಾನ ಸಾಲದು” ಎಂದೂ ನಾನು ಒಮ್ಮೆ ಅಂದಿದ್ದೆ. ಮಗುವಿನ ಕಿವಿ ಸರಿಯಾಗಿಯೇ ಇತ್ತು.

ಉಳಿದ ಮೂರು ತಂತಿಗಳಾದರೂ ಸರಿ ಇದ್ದುವೇ? ಅಂಗಡಿಯ ಹುಡುಗ ಪುಟ್ಟಿಯ ಬೆರಳನ್ನು ತಂತಿಯ ಕೆಳಭಾಗದಲ್ಲಿ ಮೆಲ್ಲಗೆ ಸವರಿಸಿದ. “ಹಲ್ಲು ಹಲ್ಲಾಗಿದೆ!” ಎಂದಳು. ವರ್ಷಗಟ್ಟಲೆ ಮೆಟ್ಟಿಲಿನ ಲೋಹಕ್ಕೆ ಒತ್ತಿ ಒತ್ತಿ ನೈಲಾನ್ ಅಲ್ಲಲ್ಲಿ ತಗ್ಗಾಗಿತ್ತು. ತಂತಿಯ ದಪ್ಪ ಉದ್ದಕ್ಕೂ ಒಂದೇ ಸಮ ಇಲ್ಲದಿದ್ದರೆ ಅದರ ಕಂಪನವೂ ಒಂದೇ ಸಮ ಇರುವುದಿಲ್ಲ. ಬಿಡಿ ತಂತಿ ಶ್ರುತಿಯಲ್ಲಿದ್ದರೂ ಮೇಲಿನ ಮನೆಗಳಲ್ಲಿ ಸ್ವರ ತಪ್ಪುತ್ತದೆ, ನಾದವೂ ಮಂಕಾಗುತ್ತದೆ. ನೈಲಾನಿಗೆ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಸವೆಯುತ್ತದೆ.

ಎರಡು ಬಗೆಯ ತಂತಿಗಳನ್ನು ಕೊಂಡೆವು. ಒಂದು ನೈಲಾನ್, ಇನ್ನೊಂದು ಫ್ಲೋರೋಕಾರ್ಬನ್. ಮೊದಮೊದಲು ಹವಾಯಿಯಲ್ಲಿ ಹಾಕುತ್ತಿದ್ದದ್ದು ಪ್ರಾಣಿಗಳ ಕರುಳನ್ನು ಹೊಸೆದು ಮಾಡಿದ ತಂತಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ಕರುಳು ಗಾಯ ಹೊಲಿಯುವ ದಾರಕ್ಕೆ ಬೇಕಾಗಿ, ವಾದ್ಯಗಳಿಗೆ ಸಿಗುವುದು ಕಷ್ಟವಾಯಿತು. ಆಗ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್ ಎಂಬವರು ಗಿಟಾರಿಗೆ ನೈಲಾನ್ ತಂತಿ ಮಾಡಿದರು. ಫ್ಲೋರೋಕಾರ್ಬನ್ ಇನ್ನೂ ಆಮೇಲೆ ಬಂದದ್ದು. ಮೀನು ಹಿಡಿಯುವವರ ಗಾಳದ ದಾರವನ್ನೂ ಇದರಿಂದ ಮಾಡುತ್ತಾರೆ. “ಹಾಗಾದರೆ ಇದು ತಂತಿ ಅಲ್ಲ, ದಾರ” ಎಂದು ಪುಟ್ಟಿ ತೀರ್ಪು ಕೊಟ್ಟಳು.

ಮೊದಲು ನೈಲಾನ್ ಹಾಕಿದೆವು. ನಾಲ್ಕನ್ನೂ ಒಮ್ಮೆಗೇ ಬಿಚ್ಚಲಿಲ್ಲ. ಒಂದನ್ನು ಬಿಚ್ಚಿ ಅದರ ಜಾಗಕ್ಕೆ ಹೊಸದನ್ನು ಹಾಕುತ್ತಾ ಹೋದರೆ ಯಾವುದು ಎಲ್ಲಿ ಎಂಬ ಗೊಂದಲವಿಲ್ಲ. ತುದಿಗೆ ಗಂಟು ಹಾಕಿ ಕುದುರೆಯ ಸೀಳಿಗೆ ಸಿಕ್ಕಿಸುವುದು, ಇನ್ನೊಂದು ತುದಿಯನ್ನು ಬಿರಡೆಯ ತೂತಿನಲ್ಲಿ ತೂರಿಸಿ ಎರಡು ಮೂರು ಸುತ್ತು ಬರುವಂತೆ ಬಿಗಿಯುವುದು. ಗಂಟು ಹಾಕುವಾಗ ನನ್ನ ಕೈ ನಡುಗಿತು. ನೋಟಿನ ಕಟ್ಟು ಎಣಿಸಿದ ಬೆರಳುಗಳು ಈಗ ಆರು ತಿಂಗಳ ಮಗುವಿನ ಬೆರಳಿನ ಹಾಗೆ ಎಲ್ಲೆಲ್ಲೋ ಹೋಗುತ್ತವೆ. ಪುಟ್ಟಿ ನನ್ನ ಕೈಯಿಂದ ತೆಗೆದುಕೊಂಡು ತಾನೇ ಗಂಟು ಹಾಕಿದಳು. ನಾನು ಬಿರಡೆ ತಿರುಗಿಸಿದೆ.

ಶ್ರುತಿ ಸೇರಿಸಿ ಇಟ್ಟರೆ ಅರ್ಧ ಗಂಟೆಯಲ್ಲಿ ನಾಲ್ಕೂ ತಂತಿ ಇಳಿದಿದ್ದವು. ಮತ್ತೆ ಸೇರಿಸಿದೆವು, ಊಟದ ಹೊತ್ತಿಗೆ ಮತ್ತೆ ಇಳಿದಿದ್ದವು. “ಇದೂ ಕೆಟ್ಟ ತಂತಿ ತಾತ” ಎಂದು ಪುಟ್ಟಿಯ ಮುಖ ಸಣ್ಣದಾಯಿತು. ತಂತಿ ಕೆಟ್ಟದ್ದಲ್ಲ. ಹೊಸ ನೈಲಾನ್ ಎಳೆದಷ್ಟೂ ಸ್ವಲ್ಪ ಸ್ವಲ್ಪವೇ ಉದ್ದವಾಗುತ್ತಾ ಹೋಗುತ್ತದೆ. ಪೂರ್ತಿ ಹಿಗ್ಗಿ ನಿಲ್ಲುವ ತನಕ ಶ್ರುತಿ ನಿಲ್ಲುವುದಿಲ್ಲ. ಬೆರಳಿನಿಂದ ಮೆಲ್ಲಗೆ ಎಳೆದು ಬಿಟ್ಟು, ದಿನಕ್ಕೆ ನಾಲ್ಕಾರು ಸಲ ಶ್ರುತಿ ಸೇರಿಸುತ್ತಿದ್ದರೆ ಮೂರು ನಾಲ್ಕು ದಿನದಲ್ಲಿ ಹಿಡಿತಕ್ಕೆ ಬರುತ್ತದೆ. ನಮ್ಮದು ನಾಲ್ಕನೇ ದಿನ ಬಂತು.

ಆ ದಿನ ಪುಟ್ಟಿ ಹೆದರುತ್ತಲೇ ಉಂಗುರದ ಬೆರಳಿಟ್ಟು ಮೀಟಿದಳು. ನಾಲ್ಕು ಸ್ವರ ಒಂದಾಗಿ ಬಂತು. ಅವಳು ತಂತಿಯನ್ನು ನೋಡಲಿಲ್ಲ, ಬೆರಳನ್ನು ನೋಡಿಕೊಂಡಳು. ಮತ್ತೆ ಮೀಟಿದಳು. ಆಮೇಲೆ ನಿಲ್ಲಿಸಲೇ ಇಲ್ಲ.

ಮೂರು ವಾರದ ನಂತರ ಫ್ಲೋರೋಕಾರ್ಬನ್ ಹಾಕಿ ನೋಡಿದೆವು. ಇದು ನುಣುಪು ಜಾಸ್ತಿಯಾದ ದಾರ. ಒಂಟಿ ಗಂಟು ‘ಟಪ್’ ಎಂದು ಜಾರಿತು, ಎರಡು ಗಂಟು ಹಾಕಬೇಕಾಯಿತು. ಇಲ್ಲಿ ನನ್ನ ಬಿ.ಕಾಂ. ಲೆಕ್ಕ ಸ್ವಲ್ಪ ಕೆಲಸಕ್ಕೆ ಬಂತು. ತಂತಿಯ ಸ್ವರ ನಿರ್ಧಾರವಾಗುವುದು ಅದರ ಉದ್ದ, ಬಿಗಿ, ತೂಕ ಈ ಮೂರರಿಂದ. ಉದ್ದ ಮತ್ತು ಬಿಗಿ ಅಷ್ಟೇ ಇದ್ದು ಅದೇ ಸ್ವರ ಬರಬೇಕಾದರೆ ತೂಕವೂ ಅಷ್ಟೇ ಇರಬೇಕು. ಒಂದು ಘನ ಸೆಂಟಿಮೀಟರ್ ನೈಲಾನ್ 1.14 ಗ್ರಾಂ ತೂಗಿದರೆ ಫ್ಲೋರೋಕಾರ್ಬನ್ ಸುಮಾರು 1.78 ಗ್ರಾಂ. ಹಾಗಾಗಿ ಅದೇ ತೂಕಕ್ಕೆ ಈ ದಾರ ತೆಳ್ಳಗಿದ್ದರೆ ಸಾಕು. ಗುಣಿಸಿ ಭಾಗಿಸಿ ನೋಡಿದರೆ ನೈಲಾನಿನ ದಪ್ಪ 100 ಇದ್ದಲ್ಲಿ ಇದರದ್ದು 80. ದೊಡ್ಡ ತರಗತಿಯ ಮಕ್ಕಳು ವರ್ಗಮೂಲ ಬಳಸಿ ತಾಳೆ ನೋಡಬಹುದು.

ತೆಳ್ಳಗಾದದ್ದರಿಂದ ನಾದ ಬದಲಾಯಿತು. ನೈಲಾನಿನದು ಮೃದು, ದುಂಡು, ಬೇಗ ಕರಗುವ ನಾದ. ಇದರದ್ದು ಸ್ಪಷ್ಟ, ಚುರುಕು, ಮೀಟಿದ ಮೇಲೆ ಇನ್ನೂ ಒಂದು ಕ್ಷಣ ನಿಲ್ಲುತ್ತದೆ. ತಂತಿಯ ತುದಿ ಕೂರುವ ಗೀರಿನಲ್ಲಿ ತುಸು ಕೆಳಗೆ ಕೂತದ್ದರಿಂದ ಮೊದಲ ಮನೆಯಲ್ಲಿ ಒತ್ತುವುದು ಸುಲಭವಾಯಿತು ಎಂದಳು ಪುಟ್ಟಿ. ಎಪ್ಪತ್ತು ದಾಟಿದ ನನ್ನ ಕಿವಿಗೆ ಈ ಚುರುಕು ನಾದವೇ ಚೆನ್ನಾಗಿ ಕೇಳಿಸಿತು. ನನ್ನಾಕೆ ಅಡುಗೆಮನೆಯಿಂದಲೇ, “ಮೊದಲನೆಯದೇ ಚೆಂದ, ಇದು ಗಲಗಲ ಅನ್ನುತ್ತೆ” ಎಂದಳು. ಪುಟ್ಟಿ ಎರಡನ್ನೂ ತೂಗಿ ನೋಡಿ ನೈಲಾನಿಗೇ ಮರಳಿದಳು. “ಬೆರಳಿಗೆ ಇದೇ ಇಷ್ಟ ತಾತ.” ನಾನು ಎದುರು ಮಾತಾಡಲಿಲ್ಲ. ನುಡಿಸುವ ಬೆರಳು ಅವಳದು.

ಇದಾದ ಮೇಲೆ ಒಂದು ಭಾನುವಾರ ಶಿವಮೊಗ್ಗಕ್ಕೆ ಫೋನ್ ಮಾಡಿದೆ. ತಂಗಿಗೆ ಈ ಕಥೆಯನ್ನೆಲ್ಲ ಹೇಳಿ ನಗಿಸಬೇಕೆಂದಿದ್ದೆ. ಅವಳು ನಗಲಿಲ್ಲ.

“ಅಣ್ಣ, ನಮ್ಮನೆ ವೀಣೆ ನೆನಪಿದೆಯಾ? ಸಾರಣಿ ತಂತಿ ತುಕ್ಕು ಹಿಡಿದಿತ್ತು ಕಣಣ್ಣ. ಬೆರಳು ಜಾರಿಸಿದರೆ ಗರಗಸದ ಹಾಗೆ ಕುಯ್ಯೋದು. ಹತ್ತಿಯಲ್ಲಿ ಎಣ್ಣೆ ಹಚ್ಚಿಕೊಂಡರೂ ರಕ್ತ ಬರೋದು. ಅಪ್ಪನಿಗೆ ಹೇಳಿದೆ, ‘ಶ್ರದ್ಧೆ ಇಲ್ಲ’ ಅಂದರು. ನಿನಗೆ ತೋರಿಸಿದೆ, ನೀನು ನಕ್ಕೆ.”

ಅದು 1965. ನನಗೆ ಹದಿನೈದು, ಅವಳಿಗೆ ಹನ್ನೆರಡು. ವೀಣೆ ಅತ್ತೆಯ ಕಾಲದ್ದು, ಅವರು ಹೋದ ಮೇಲೆ ಅಟ್ಟದಲ್ಲಿ ಬಹಳ ವರ್ಷ ಇತ್ತು. ಅದನ್ನು ಇಳಿಸಿ ಧೂಳು ಒರೆಸಿ ಪಾಠಕ್ಕೆ ಕೂರಿಸಿದರು. ತಂತಿ ಬದಲಾಯಿಸಬೇಕೆಂದು ಯಾರಿಗೂ ತೋಚಲಿಲ್ಲ. ಒಂದು ಸಾರಣಿ ತಂತಿಗೆ ಆಗ ಎಷ್ಟು ಕಾಸು ಆಗುತ್ತಿತ್ತೋ! ಅರವತ್ತು ವರ್ಷ ನಾನು ನನ್ನ ತಂಗಿಯನ್ನು ‘ಅರ್ಧಕ್ಕೆ ಬಿಟ್ಟವಳು’ ಎಂದೇ ಎಲ್ಲರಿಗೂ ಹೇಳುತ್ತಾ ಬಂದಿದ್ದೆ. ಅದನ್ನೇ ಪುಟ್ಟಿಗೂ ಹೇಳಿದ್ದೆ.

“ತಪ್ಪಾಯಿತಮ್ಮ” ಎಂದೆ. ಅಣ್ಣನಾದವನು ಆ ಮಾತು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇರಲಿ ಬಿಡು. ಮಗುವಿಗೆ ಈಗ ನೋಯುತ್ತಾ?” ಎಂದಳು. ಪುಟ್ಟಿ ಫೋನನ್ನು ಮೇಜಿನ ಮೇಲಿಟ್ಟು ಅವಳಿಗೆ ಎರಡು ಹಾಡು ನುಡಿಸಿ ಕೇಳಿಸಿದಳು. ಸಿ ಕಾರ್ಡ್ ಒಂದನ್ನೂ ಬಿಡಲಿಲ್ಲ. ಶಿವಮೊಗ್ಗದ ಅಜ್ಜಿ “ಇನ್ನೊಂದು” ಎಂದರು. ಪುಟ್ಟಿಗೆ ಇನ್ನೊಂದು ಬರುತ್ತಿರಲಿಲ್ಲ, ಮೊದಲನೆಯದನ್ನೇ ಮತ್ತೆ ನುಡಿಸಿದಳು.

ಮಕ್ಕಳೇ, ನಿಮ್ಮ ಮನೆಯಲ್ಲಿ ಯುಕುಲೆಲೆ, ಗಿಟಾರ್, ಪಿಟೀಲು, ವೀಣೆ ಏನೇ ಇರಲಿ, ಒಮ್ಮೆ ತಂತಿಯ ಕೆಳಗೆ ಬೆರಳು ಸವರಿ ನೋಡಿ. ಒರಟಾಗಿದ್ದರೆ, ತಗ್ಗು ಬಿದ್ದಿದ್ದರೆ ದೊಡ್ಡವರಿಗೆ ಹೇಳಿ. ಅಂಗಡಿಗೆ ಹೋಗುವಾಗ ವಾದ್ಯವನ್ನೂ ಜೊತೆಗೆ ಒಯ್ಯಿರಿ. ನನ್ನ ವಯಸ್ಸಿನವರಿಗೆ ಹೇಳುವುದು ಇಷ್ಟೇ: ಮಗು ಕೈ ಮುಂದೆ ಚಾಚಿದಾಗ ಪೇಪರ್ ಕೆಳಗಿಟ್ಟು ಆ ಕೈ ನೋಡಿ. ಬುದ್ಧಿಮಾತನ್ನು ಆಮೇಲೂ ಹೇಳಬಹುದು.